ವಾಕರ್ ಹೋಗದ ಬಾಗಿಲು, ಯಾರೂ ಮಲಗದ ರೂಮು

ಕಳೆದ ವರ್ಷ ಅಮ್ಮನಿಗೆ ಮೊಣಕಾಲಿನ ಆಪರೇಷನ್ ಆಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಬಾತ್‌ರೂಂ ಬಾಗಿಲಿನಲ್ಲಿ ಅವಳ ವಾಕರ್ ಸಿಕ್ಕಿಹಾಕಿಕೊಂಡಿತು. ಟೇಪ್ ತಂದು ಅಳೆದೆ. ವಾಕರ್ ಅಗಲ 24 ಇಂಚು. ಚೌಕಟ್ಟು, ತೆರೆದ ಬಾಗಿಲಿನ ದಪ್ಪ ಎಲ್ಲ ಕಳೆದರೆ ಉಳಿಯುವ ದಾರಿ 23 ಇಂಚು. "ಏನೋ ಇದು, ಏಡಿ ಥರ ಅಡ್ಡಡ್ಡ ಹೋಗ್ಬೇಕಾ ನಾನು?" ಅಂದಳು ಅಮ್ಮ.

ಈ ಫ್ಲಾಟ್ ತಗೊಳ್ಳುವಾಗ ಟೂ ಬಿಎಚ್‌ಕೆನಾ, ತ್ರೀ ಬಿಎಚ್‌ಕೆನಾ ಅಂತ ನಾವು ಎರಡು ತಿಂಗಳು ತಲೆ ಕೆಡಿಸಿಕೊಂಡಿದ್ದೆವು. ಕೊನೆಗೆ "ಊರಿಂದ ಯಾರಾದ್ರೂ ಬಂದ್ರೆ?" ಅಂತ ತ್ರೀ ತಗೊಂಡೆವು. ಆ ಮೂರನೇ ರೂಮಿನಲ್ಲಿ ಈಗ ಇರುವುದು ಇಸ್ತ್ರಿ ಟೇಬಲ್, ಎರಡು ಸೂಟ್‌ಕೇಸು, ಮಗಳು ಬಿಟ್ಟುಬಿಟ್ಟ ಕೀಬೋರ್ಡು. ಬಚ್ಚಲಲ್ಲಿ ಒಂದು ಇಂಚು ಸಾಲದು, ಇಲ್ಲಿ ನೂರು ಚದರ ಅಡಿ ಸುಮ್ನೆ ಬಿದ್ದಿದೆ.

ಬಾಗಿಲು ಅಗಲ ಮಾಡೋಕೆ ಬಂದ ಮೇಸ್ತ್ರಿ ಹೇಳಿದ: "ಸಾರ್, ಬಾತ್‌ರೂಮಿಗೆ ಎಲ್ಲಾ ಕಡೆ ಎರಡೂವರೆ ಅಡೀನೇ. ಯಾರೂ ಕೇಳಲ್ಲ ಸಾರ್." ನಿಜ, ನಾನೂ ಕೇಳಿರಲಿಲ್ಲ. ಟೈಲ್ಸ್ ಯಾವುದು ಅಂತ ಕೇಳಿದ್ದೆ, ಕ್ಲಬ್‌ಹೌಸ್ ಇದೆಯಾ ಅಂತ ಕೇಳಿದ್ದೆ, ಮೆಟ್ರೋ ಎಷ್ಟು ದೂರ ಅಂತ ಎರಡೆರಡು ಸಲ ಕೇಳಿದ್ದೆ. ಸಾರ್ವಜನಿಕ ಕಟ್ಟಡಗಳಲ್ಲಿ ಗಾಲಿಕುರ್ಚಿಗೆ 900 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ಮೂರು ಅಡಿ ದಾರಿ ಬಿಡಬೇಕು ಅಂತ ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ಮನೆಯೊಳಗೆ ಹಾಗೆ ಹೇಳುವವರು ಯಾರೂ ಇಲ್ಲ.

ಬೆಂಗಳೂರಿನಲ್ಲಿ ಮನೆಗೆ ಎರಡೇ ಅಚ್ಚು. ಒಂದು ಬಿಎಚ್‌ಕೆ ಲೆಕ್ಕದ ಫ್ಲಾಟು. ಇನ್ನೊಂದು ಥರ್ಟಿ-ಫಾರ್ಟಿ, ಅಂದರೆ 30 ಬೈ 40 ಅಡಿ ಸೈಟಿನ ಮೇಲೆ ಏಳುವ ಮನೆ. ಫ್ಲಾಟಿನ ನಕ್ಷೆ ಮಾರಾಟ ನೋಡಿಕೊಂಡು ಹುಟ್ಟುತ್ತದೆ, ಸೈಟಿನ ಮನೆ ಬಾಡಿಗೆ ನೋಡಿಕೊಂಡು. ಸಂಸಾರ ಆಮೇಲೆ ಬಂದು ಅದರೊಳಗೆ ಹೇಗೋ ತೂರಿಕೊಳ್ಳುತ್ತದೆ.

ಮೊದಲು ಫ್ಲಾಟಿನ ಲೆಕ್ಕ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬಂದ ಮೇಲೆ ಬಿಲ್ಡರ್ ಕಾರ್ಪೆಟ್ ಏರಿಯಾ, ಅಂದರೆ ಮನೆಯ ಹೊರಗೋಡೆಗಳ ಒಳಗಿನ ನೆಲ, ಎಷ್ಟು ಅಂತ ಹೇಳಲೇಬೇಕು. ಆದರೂ ಮಾತು ಶುರುವಾಗುವುದು ಸೂಪರ್ ಬಿಲ್ಟ್‌ಅಪ್‌ನಿಂದಲೇ. ಲಿಫ್ಟು, ಮೆಟ್ಟಿಲು, ಲಾಬಿ, ಕ್ಲಬ್‌ಹೌಸ್‌ಗಳಲ್ಲಿ ನಿಮ್ಮ ಪಾಲನ್ನೂ ಸೇರಿಸಿದ ಅಳತೆ ಅದು. ಕಾರ್ಪೆಟ್ ಏರಿಯಾದಲ್ಲೂ ಒಂದು ಗಮನಿಸಬೇಕಾದ ವಿಷಯ ಇದೆ. ಕಾಯ್ದೆ ಪ್ರಕಾರ ಬಾಲ್ಕನಿ ಅದರಲ್ಲಿ ಸೇರುವುದಿಲ್ಲ. ಆದರೆ ಮನೆಯೊಳಗಿನ ಅಡ್ಡಗೋಡೆ ನಿಂತ ಜಾಗ ಸೇರುತ್ತದೆ. ರೂಮು ಜಾಸ್ತಿ ಆದಷ್ಟೂ ಗೋಡೆ ಜಾಸ್ತಿ. ಅಳತೆ ಅಷ್ಟೇ ಇದ್ದರೂ ಕಾಲಾಡಿಸುವ ಜಾಗ ಕಮ್ಮಿಯಾಗುತ್ತಾ ಹೋಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಸೂಪರ್ ಬಿಲ್ಟ್‌ಅಪ್ 1,250 ಚದರ ಅಡಿ, ಅಡಿಗೆ 9,000 ರೂಪಾಯಿ ಅಂತಿಟ್ಟುಕೊಳ್ಳಿ. ಒಟ್ಟು 1 ಕೋಟಿ 12.5 ಲಕ್ಷ. ಕಾರ್ಪೆಟ್ ಏರಿಯಾ ಅದರ ಶೇ 70 ಇದ್ದರೆ 875 ಚದರ ಅಡಿ. ಹಾಗಾದರೆ ಕಾಲಡಿಯ ನೆಲಕ್ಕೆ ನೀವು ಕೊಟ್ಟದ್ದು ಚದರ ಅಡಿಗೆ ಸುಮಾರು 12,850 ರೂಪಾಯಿ. ಹತ್ತು ಬೈ ಹನ್ನೊಂದರ 'ಗೆಸ್ಟ್ ರೂಂ' ಒಂದಕ್ಕೇ 14 ಲಕ್ಷ. ಶೇ 8.5ರ ಬಡ್ಡಿ ಹಿಡಿದರೆ ವರ್ಷಕ್ಕೆ ಸುಮಾರು 1.2 ಲಕ್ಷ ಆ ರೂಮಿಗೇ ಹೋಗುತ್ತದೆ. ವರ್ಷದಲ್ಲಿ 15 ರಾತ್ರಿ ನೆಂಟರು ಉಳಿದರು ಅಂದುಕೊಂಡರೆ ರಾತ್ರಿಗೆ 8,000 ರೂಪಾಯಿ! ಹಾಲ್‌ನಲ್ಲಿ ಹಾಸಿಗೆ ಹಾಸಿಕೊಟ್ಟರೆ ನೆಂಟರೇನೂ ಬೇಜಾರು ಮಾಡಿಕೊಳ್ಳಲ್ಲ. ಛತ್ರದಲ್ಲಿ ಜಮಖಾನದ ಮೇಲೆ ಸಾಲಾಗಿ ಮಲಗಿ ಬೆಳೆದವರೇ ಅಲ್ವಾ ನಾವೆಲ್ಲ?

ಹಾಗಂತ ಮೂರನೇ ರೂಂ ಯಾರಿಗೂ ಬೇಡ ಅಂತಲ್ಲ. ಗಂಡ ಹೆಂಡತಿ ಇಬ್ಬರೂ ಮನೆಯಿಂದ ಕೆಲಸ ಮಾಡುತ್ತಾರೆ, ಇಬ್ಬರಿಗೂ ಹನ್ನೊಂದು ಗಂಟೆಗೇ ಮೀಟಿಂಗು ಅಂದರೆ ಆ ರೂಂ ದಿನಕ್ಕೆ ಎಂಟು ಗಂಟೆ ದುಡಿಯುತ್ತದೆ, ಕೊಟ್ಟ ಕಾಸು ವಸೂಲಾಗುತ್ತದೆ. ಅದಕ್ಕೇ ರೂಂ ಎಣಿಸುವ ಮೊದಲು ಗಂಟೆ ಎಣಿಸಿ ಅಂತ ನಾನು ಗೆಳೆಯರಿಗೆ ಹೇಳುತ್ತಿರುತ್ತೇನೆ. ಒಂದು ಹಾಳೆ ತಗೊಂಡು ಒಂದು ಮಂಗಳವಾರದ ಕಥೆ ಬರೆಯಿರಿ. ಹಬ್ಬದ ದಿನದ್ದು ಬೇಡ, ಭಾನುವಾರದ್ದೂ ಬೇಡ. ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಎಲ್ಲಿ ಕೂತು ಕಾಫಿ ಕುಡಿಯುತ್ತಾರೆ, ಒಗೆದ ಬಟ್ಟೆ ಎಲ್ಲಿ ಒಣಗುತ್ತದೆ, ಪಾತ್ರೆ ತೊಳೆಯಲು ಬರುವವರು ಯಾವ ದಾರಿಯಲ್ಲಿ ಬರುತ್ತಾರೆ.

ನಮ್ಮ ಮನೆಯದ್ದು ಬರೆದು ನೋಡಿದೆ. ಬೆಳಗ್ಗೆ ಆರೂವರೆಯಿಂದ ಎಂಟೂವರೆವರೆಗೆ ಐದು ಜನ, ಎರಡು ಬಾತ್‌ರೂಂ, ಆದರೂ ದಿನಾ ಜಗಳ. ಕಾರಣ ಸರಳ. ಬಾತ್‌ರೂಂ ಎರಡಿದ್ದರೂ ಎರಡರಲ್ಲೂ ಟಾಯ್ಲೆಟ್, ಶವರ್, ಸಿಂಕ್ ಒಂದೇ ಬಾಗಿಲೊಳಗೆ. ಒಬ್ಬರು ಹಲ್ಲುಜ್ಜುತ್ತಾ ನಿಂತರೂ ಮೂರೂ ಬಂದ್. ಸಿಂಕನ್ನು ಹೊರಗೆ ತಂದು, ಟಾಯ್ಲೆಟ್ ಬೇರೆ, ಸ್ನಾನದ ಮನೆ ಬೇರೆ ಮಾಡಿದರೆ ಒಂದೇ ಬಾತ್‌ರೂಮಿನ ಜಾಗದಲ್ಲಿ ಒಂದೇ ಹೊತ್ತಿಗೆ ಮೂರು ಜನರ ಕೆಲಸ ನಡೆಯುತ್ತದೆ. ನಮ್ಮ ಹಳೇ ಮನೆಗಳಲ್ಲಿ ಬಚ್ಚಲುಮನೆ ಬೇರೆ, ಕಕ್ಕಸು ಬೇರೆ ಇದ್ದೇ ಇತ್ತು. ಈಗ ಎಲ್ಲರಿಗೂ 'ಅಟ್ಯಾಚ್ಡ್' ಬೇಕು. ಅಟ್ಯಾಚ್ಡ್ ಇದ್ದರೆ ರೇಟು ಸಿಗುತ್ತದೆ ಅಂತ ಬಿಲ್ಡರ್‌ಗೂ ಗೊತ್ತು.

ಅಡುಗೆಮನೆಯದ್ದು ಇನ್ನೊಂದು ಕಥೆ. ಇಬ್ಬರು ಒಟ್ಟಿಗೆ ಅಡುಗೆ ಮಾಡುವ ಮನೆಗೂ, ಸ್ವಿಗ್ಗಿಯಲ್ಲಿ ತರಿಸಿಕೊಳ್ಳುವ ಮನೆಗೂ ಅದೇ ಏಳು ಬೈ ಎಂಟು. ದೋಸೆ ಹಿಟ್ಟು ರುಬ್ಬುವ ಗ್ರೈಂಡರ್‌ಗೆ ಕಟ್ಟೆ ಮೇಲೆ ಜಾಗ ಇಲ್ಲ, ಅದು ಯುಟಿಲಿಟಿಗೆ ಹೋಗುತ್ತದೆ. ಯುಟಿಲಿಟಿಯಲ್ಲಿ ವಾಷಿಂಗ್ ಮೆಷಿನ್ ಇಟ್ಟ ಮೇಲೆ ಪಾತ್ರೆ ತೊಳೆಯುವವರು ಬೆನ್ನು ಬಗ್ಗಿಸೋಕೂ ಆಗಲ್ಲ. ಎತ್ತರದ ಹೆಂಗಸರು, ಅಡುಗೆ ಮಾಡುವ ಗಂಡಸರು ಗಿಡ್ಡ ಕಟ್ಟೆ ಮುಂದೆ ಬಗ್ಗಿ ಬಗ್ಗಿ ಸೊಂಟ ನೋಯಿಸಿಕೊಳ್ಳುತ್ತಾರೆ. ಕಟ್ಟೆಯನ್ನು ಎರಡು ಇಂಚು ಎತ್ತರಿಸೋಕೆ ಕಟ್ಟುವಾಗ ಖರ್ಚೇ ಇಲ್ಲ, ಆಮೇಲೆ ಗ್ರಾನೈಟ್ ಒಡೆಯಬೇಕು.

ಹಳೇ ಮನೆಗಳೆಲ್ಲ ಚೆನ್ನಾಗಿದ್ದವು ಅಂತ ನಾನು ಹಾಡು ಹೇಳುವವನಲ್ಲ. ಹೊಗೆ ತುಂಬಿದ ಅಡುಗೆಮನೆ, ರಾತ್ರಿ ಹೊತ್ತು ಹಿತ್ತಲಿಗೆ ಹೋಗುವ ಭಯ, ಇವನ್ನೆಲ್ಲ ಯಾರಿಗೂ ವಾಪಸ್ ತರುವ ಆಸೆ ಇರಲಿಕ್ಕಿಲ್ಲ. ಆದರೆ ಒಂದು ವಿಷಯದಲ್ಲಿ ಅವು ಜಾಣ ಮನೆಗಳು. ನಡುಮನೆಗೆ ಇಂಥದ್ದೇ ಕೆಲಸ ಅಂತ ಇರಲಿಲ್ಲ. ಬೆಳಗ್ಗೆ ಹಾಸಿಗೆ ಸುತ್ತಿಟ್ಟರೆ ಊಟದ ಜಾಗ, ಮಧ್ಯಾಹ್ನ ಹಪ್ಪಳ ಒತ್ತುವ ಜಾಗ, ನಾಮಕರಣ ಬಂದರೆ ತೊಟ್ಟಿಲು ಕಟ್ಟುವ ಜಾಗ. ನಾವು ಕೋಣೆಗೆ 'ಬೆಡ್‌ರೂಂ' ಅಂತ ಹೆಸರಿಟ್ಟು, ಮಂಚ ತಂದು ಹಾಕಿದ ದಿನವೇ ಅದು ಹಗಲೆಲ್ಲ ಖಾಲಿ ಬಿದ್ದಿತು. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಹೇಳುವ ಕನಿಷ್ಠ ಅಳತೆ 9.5 ಚದರ ಮೀಟರ್, ಅಂದರೆ ಸುಮಾರು 102 ಚದರ ಅಡಿ. ಅದರಲ್ಲಿ ಡಬಲ್ ಕಾಟ್ ಒಂದೇ 39 ಅಡಿ ನುಂಗುತ್ತದೆ, ವಾರ್ಡ್‌ರೋಬ್ ಇನ್ನೊಂದು 12. ಮಕ್ಕಳ ರೂಮಿಗೆ ದಿವಾನ ಅಥವಾ ಮಡಚುವ ಮಂಚ ಹಾಕಿದರೆ ಅದೇ ರೂಂ ಎರಡು ಪಟ್ಟು ಆದಂತೆ ಕಾಣುತ್ತದೆ.

ಇನ್ನು ದಿಕ್ಕು. 'ಪೂರ್ವ ಮುಖ, ರೇಟು ಸ್ವಲ್ಪ ಜಾಸ್ತಿ' ಅನ್ನುವ ಮಾತು ಕೇಳದೆ ಈ ಊರಿನಲ್ಲಿ ಯಾರೂ ಮನೆ ನೋಡಿಲ್ಲ. ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಫ್ಲಾಟಿನಲ್ಲಿ ಪೂರ್ವ ಮುಖ ಅಂದರೆ ಬಾಗಿಲಿನ ಮುಖ, ಮತ್ತು ಆ ಬಾಗಿಲು ತೆರೆದುಕೊಳ್ಳುವುದು ಟ್ಯೂಬ್‌ಲೈಟ್ ಉರಿಯುವ ಲಿಫ್ಟ್ ಲಾಬಿಗೆ. ಸೂರ್ಯ ಆ ಕಡೆ ಬರುವುದೇ ಇಲ್ಲ. ನೋಡಬೇಕಾದ್ದು ಕಿಟಕಿಯ ಮುಖ.

ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ನಡುಮಧ್ಯಾಹ್ನದ ಸೂರ್ಯ ನೇರ ನೆತ್ತಿ ಮೇಲೆ ಬಂದು ನಮ್ಮ ನೆರಳು ಕಾಲಡಿಯಲ್ಲೇ ಮಾಯವಾಗುತ್ತದೆ. ಶೂನ್ಯ ನೆರಳಿನ ದಿನ ಅಂತ ಶಾಲೆ ಮಕ್ಕಳು ಬಾಟಲಿ ನಿಲ್ಲಿಸಿ ನೋಡುತ್ತಾರಲ್ಲ, ಅದೇ. ಮನೆ ಕಟ್ಟುವವರಿಗೆ ಇದರಲ್ಲಿ ಪಾಠ ಇದೆ. ಬೇಸಗೆಯ ಮಧ್ಯಾಹ್ನದ ಬಿಸಿಲು ಬೀಳುವುದು ತಾರಸಿ ಮೇಲೆ. ಉತ್ತರ, ದಕ್ಷಿಣದ ಕಿಟಕಿಗೆ ಎರಡು ಅಡಿ ಸಜ್ಜಾ ಇದ್ದರೆ ಸಾಕು, ಎತ್ತರದ ಸೂರ್ಯನನ್ನು ಅದು ತಡೆಯುತ್ತದೆ. ಕಾಟ ಕೊಡುವುದು ಪಶ್ಚಿಮ. ಸಂಜೆ ನಾಲ್ಕರ ಸೂರ್ಯ ಕೆಳಗಿಳಿದು ಸಜ್ಜಾದ ಕೆಳಗಿಂದಲೇ ಒಳಗೆ ನುಗ್ಗುತ್ತಾನೆ. ಆರಿಂಚಿನ ಕಾಂಕ್ರೀಟ್ ಬ್ಲಾಕಿನ ಗೋಡೆ ಆ ಬಿಸಿಯನ್ನು ಹೀರಿಕೊಂಡು ನೀವು ಮಲಗುವ ಹೊತ್ತಿಗೆ ಒಳಗೆ ಬಿಡುತ್ತದೆ. ಆ ಗೋಡೆಯ ಕಡೆ ಮೆಟ್ಟಿಲು, ಬಾತ್‌ರೂಂ, ಸ್ಟೋರು ಬರಲಿ. ತಲೆದಿಂಬು ಬೇಡ. ಮಳೆಗಾಲದ ಗಾಳಿ ಪಶ್ಚಿಮ, ನೈರುತ್ಯದಿಂದಲೇ ಬರುವುದರಿಂದ ಒಂದು ಚಿಕ್ಕ ಕಿಟಕಿ ಇರಲಿ, ಎದುರಿನ ಗೋಡೆಯಲ್ಲಿ ಅದು ಹೊರಹೋಗಲು ಇನ್ನೊಂದು. ಒಂದೇ ಕಡೆ ಕಿಟಕಿ ಇರುವ ರೂಮಿನಲ್ಲಿ ಗಾಳಿ ಆಡುವುದಿಲ್ಲ.

ಥರ್ಟಿ-ಫಾರ್ಟಿ ಮನೆಯ ಕಷ್ಟ ಇಲ್ಲೇ ಶುರುವಾಗುತ್ತದೆ. ಸೈಟು 1,200 ಚದರ ಅಡಿ, ಹಳಬರ ಲೆಕ್ಕದಲ್ಲಿ 12 ಚದರ. ಸುತ್ತ ಒಂದಿಷ್ಟು ಬಿಟ್ಟು 24 ಬೈ 32 ಕಟ್ಟಿದಿರಿ ಅಂದುಕೊಳ್ಳಿ, 768 ಅಡಿ. ಮೆಟ್ಟಿಲಿಗೆ 75, ಗೋಡೆಗಳಿಗೆ ಇನ್ನೊಂದು 80 ಹೋದರೆ ಕೈಗೆ ಸಿಗುವುದು 600 ಚಿಲ್ಲರೆ. ಕೆಳಗೆ ಕಾರು, ಮೇಲೆ ಎರಡು ಬಾಡಿಗೆ ಮನೆ ಅಂತ ಯೋಚನೆ ಹೊರಟಾಗ ಪಿಲ್ಲರ್ ಎಲ್ಲಿ ಬರಬೇಕು ಅನ್ನುವುದನ್ನು ಕಾರು ಹೇಳುತ್ತದೆ, ಗೋಡೆ ಎಲ್ಲಿ ಬರಬೇಕು ಅನ್ನುವುದನ್ನು ಬಾಡಿಗೆಯವರು ಹೇಳುತ್ತಾರೆ. ಮಾಲೀಕರ ಮಾತು ಪೂಜಾ ರೂಮಿನ ಬಾಗಿಲ ಕೆತ್ತನೆಯಲ್ಲಿ ಮಾತ್ರ ನಡೆಯುತ್ತದೆ. ಬಾಡಿಗೆ ಬರಲಿ, ಇಎಂಐ ಕಟ್ಟಬೇಕಲ್ಲ, ನನಗೂ ಅರ್ಥವಾಗುತ್ತದೆ. ಆದರೆ ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಬಿಡಬೇಕಾದ ಜಾಗ, ನುಂಗಿ ಪಕ್ಕದ ಮನೆಯ ಗೋಡೆಗೆ ಅಂಟಿಸಿ ಕಟ್ಟಿದಾಗ ಮೊದಲು ಕತ್ತಲಾಗುವುದು ನಮ್ಮದೇ ರೂಂ.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಒಸಿ (ಕಟ್ಟಡ ನಕ್ಷೆಯಂತೆ ಇದೆ, ವಾಸ ಮಾಡಬಹುದು ಅಂತ ನಗರಾಡಳಿತ ಕೊಡುವ ಪತ್ರ) ಇಲ್ಲದ ಕಟ್ಟಡಕ್ಕೆ ನೀರು, ಕರೆಂಟು ಕೊಡಬಾರದು, ಬ್ಯಾಂಕ್ ಸಾಲಕ್ಕೂ ಅದನ್ನೇ ನೋಡಬೇಕು ಅಂದಿತು. ಊರು ತುಂಬ ಹೊಸ ಮನೆಗಳು ಕನೆಕ್ಷನ್ ಇಲ್ಲದೆ ನಿಂತವು. ಆಮೇಲೆ 2025ರಲ್ಲಿ ರಾಜ್ಯ ಸರ್ಕಾರ 1,200 ಚದರ ಅಡಿವರೆಗಿನ ಸೈಟಿನ ಮನೆಗಳಿಗೆ ಒಸಿಯಿಂದ ವಿನಾಯಿತಿ ಕೊಟ್ಟಿತು. ಸಣ್ಣ ಸೈಟಿನವರಿಗೆ ಇದು ದೊಡ್ಡ ಸಮಾಧಾನ, ಸುಳ್ಳಲ್ಲ. ಆದರೆ ಕಟ್ಟಿದ ಮೇಲೆ ಬಂದು ಗಾಳಿ ಬೆಳಕಿಗೆ ಜಾಗ ಬಿಟ್ಟಿದ್ದೀರಾ ಅಂತ ನೋಡುವ ಒಂದು ಕಣ್ಣೂ ಹೋಯಿತು. ಆ ಕಣ್ಣು ಮೊದಲೂ ಎಷ್ಟು ತೆರೆದಿತ್ತು ಅನ್ನುವುದು ಬೇರೆ ಮಾತು. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ಕೋರಮಂಗಲದಲ್ಲಿ ತಮಗೆ ಕಟ್ಟಿಕೊಂಡ ಮನೆಯ ನಡುವೆ ತೆರೆದ ಅಂಗಳ ಇಟ್ಟರು. ಅಷ್ಟು ಜಾಗ ನಮಗಿಲ್ಲ. ಆದರೂ ನಾಲ್ಕು ಬೈ ಆರರ ಒಂದು ಬೆಳಕಿಂಡಿ ನಡುವೆ ಬಿಟ್ಟರೆ ಮಧ್ಯದ ರೂಮಿಗೆ ಹಗಲು ಲೈಟ್ ಹಾಕುವ ಕೆಲಸ ತಪ್ಪುತ್ತದೆ.

ನನ್ನ ದೃಷ್ಟಿಯಲ್ಲಿ ಈ ಊರಿನ ದೊಡ್ಡ ಎಡವಟ್ಟು ಡ್ಯೂಪ್ಲೆಕ್ಸ್. ಹಾಲಿನ ನಡುವೆ ಸ್ಟೀಲ್ ಕಂಬಿ, ಗಾಜು ಹಾಕಿದ ಮೆಟ್ಟಿಲು. ಮೇಲೆ ಎರಡು ಬೆಡ್‌ರೂಂ. ಗೃಹಪ್ರವೇಶದ ದಿನ ಎಲ್ಲರೂ ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕಟ್ಟುವಾಗ ಯಜಮಾನರಿಗೆ ನಲವತ್ತೈದು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಮಗ ಅಮೆರಿಕದಲ್ಲಿ, ಮಗಳು ವೈಟ್‌ಫೀಲ್ಡ್‌ನಲ್ಲಿ. ಇಬ್ಬರು ವಯಸ್ಸಾದವರು ಕೆಳಗಿನ ಹಾಲ್‌ನಲ್ಲೇ ಮಂಚ ಹಾಕಿಕೊಂಡಿರುತ್ತಾರೆ. ಮೇಲ್ಗಡೆ ವಾರಕ್ಕೊಮ್ಮೆ ಗುಡಿಸೋಕೆ ಬರುವವರು ಮಾತ್ರ ಹತ್ತುತ್ತಾರೆ. ಬಾಡಿಗೆಗೆ ಕೊಡೋಣ ಅಂದರೆ ಬಾಡಿಗೆಯವರು ಇವರ ಹಾಲ್ ದಾಟಿಯೇ ಹೋಗಬೇಕು!

ಇದಕ್ಕೆ ಪರಿಹಾರ ನಕ್ಷೆ ಹಂತದಲ್ಲಿ ಪುಕ್ಕಟೆ. ಮೆಟ್ಟಿಲನ್ನು ಮುಂಬಾಗಿಲಿನ ಪಕ್ಕಕ್ಕೇ ತನ್ನಿ. ಒಂದು ಚಿಕ್ಕ ಮೊಗಸಾಲೆ, ಅಲ್ಲಿಂದ ಒಂದು ಬಾಗಿಲು ಒಳಗೆ, ಇನ್ನೊಂದು ದಾರಿ ಮೇಲಕ್ಕೆ. ಮಕ್ಕಳು ಚಿಕ್ಕವರಿರುವಾಗ ನಡುವಿನ ಬಾಗಿಲು ತೆಗೆದಿಟ್ಟರೆ ಅದೇ ಡ್ಯೂಪ್ಲೆಕ್ಸ್. ಮಗನಿಗೆ ಮದುವೆಯಾಗಿ 'ಅಡುಗೆ ಬೇರೆ ಇದ್ದರೆ ಚೆನ್ನ' ಅನ್ನುವ ದಿನ ಬಂದರೆ ಆ ಬಾಗಿಲು ಹಾಕಿದರಾಯಿತು, ಎರಡು ಮನೆ. ಅದಕ್ಕೆ ಮೇಲಿನ ಒಂದು ಮೂಲೆಯಲ್ಲಿ ನೀರಿನ ಪೈಪು, ಡ್ರೈನೇಜ್ ಲೈನು ಮೊದಲೇ ಎಳೆದು ಮುಚ್ಚಿಡಬೇಕು. ಕರೆಂಟ್ ಮೀಟರಿಗೂ ಒಂದು ಜಾಗ ಬಿಟ್ಟಿರಬೇಕು. ಕೆಳಗೆ ಒಂದು ಬೆಡ್‌ರೂಂ, ಮೂರು ಅಡಿ ಬಾಗಿಲಿನ ಒಂದು ಬಾತ್‌ರೂಂ ಇರಲೇಬೇಕು, ಮನೆಯಲ್ಲಿ ಈಗ ಎಲ್ಲರೂ ಗಟ್ಟಿಮುಟ್ಟಾಗಿದ್ದರೂ. ಕೈ ಹಿಡಿಯುವ ಕಂಬಿ ಕೂರಿಸಲು ಬಾತ್‌ರೂಂ ಗೋಡೆಯಲ್ಲಿ ಗಟ್ಟಿ ಬ್ಲಾಕು, ಹೊಸ್ತಿಲ ಹತ್ತಿರ ಎಡವದಂತೆ ನೆಲ. ಇಷ್ಟೇ.

ಒಬ್ಬರೇ ಇರುವವರಿಗಾಗಿ ಯಾರೂ ಮನೆ ಕಟ್ಟುವುದೇ ಇಲ್ಲ. 'ಫ್ಯಾಮಿಲಿಗೆ ಮಾತ್ರ' ಬೋರ್ಡು ದಾಟಿ ಬಂದವರಿಗೆ ಪಿಜಿ, ಇಲ್ಲವೇ ತಾರಸಿ ಮೇಲಿನ ಒಂದು ರೂಂ. ನೀರಿನ ಟ್ಯಾಂಕಿನ ಪಕ್ಕದ ಆ ರೂಮಿಗೆ ಬೆಂಗಳೂರಿನ ಟು-ಲೆಟ್ ಬೋರ್ಡುಗಳಲ್ಲಿ 'ಪೆಂಟ್‌ಹೌಸ್' ಅಂತ ಹೆಸರು! ನಗು ಬರುತ್ತದೆ, ಆದರೆ ಶೀಟಿನ ಬದಲು ಕಾಂಕ್ರೀಟ್ ಮೋಲ್ಡ್ ಇದ್ದು ಅದರ ಮೇಲೆ ಬಿಳಿ ಸುಣ್ಣವೋ ಬಿಳಿ ಟೈಲ್ಸೋ ಇದ್ದರೆ ಅದು ನಿಜಕ್ಕೂ ಒಳ್ಳೆಯ ಮನೆ. ನಾಲ್ಕೂ ಕಡೆ ಗಾಳಿ, ಬಟ್ಟೆ ಒಣಗಿಸಲು ಜಾಗ, ಸಂಜೆ ಕೂರಲು ಆಕಾಶ. ಕೆಳಗಿನ ಕತ್ತಲೆ ಒನ್ ಬಿಎಚ್‌ಕೆಗಿಂತ ನಾನಂತೂ ಅದನ್ನೇ ಆರಿಸಿಕೊಳ್ಳುತ್ತೇನೆ.

ಮನೆ ಯಾವ ಏರಿಯಾದಲ್ಲಿದೆ ಅನ್ನುವುದರ ಬಗ್ಗೆ ಎರಡೇ ಮಾತು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನ ದೋಣಿ, ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದರು. 2024ರ ಬೇಸಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಕಾದರು. ಆ ವರ್ಷ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಗಿ, ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳ ಕಡೆಗೆ ದಿನಕ್ಕೆ 775 ದಶಲಕ್ಷ ಲೀಟರ್ ತರುವ ವ್ಯವಸ್ಥೆ ಆಗಿದೆ ನಿಜ, ಆದರೆ ಪೈಪು ನಿಮ್ಮ ಬೀದಿಗೆ ಬಂದಿದೆಯಾ ಅಂತ ನೀವೇ ವಿಚಾರಿಸಬೇಕು. ಮನೆ ನೋಡೋಕೆ ಭಾನುವಾರ ಬೆಳಗ್ಗೆ ಹೋಗಬೇಡಿ, ಜೋರು ಮಳೆ ಬಂದ ಮರುದಿನ ಹೋಗಿ. ಹೊಸ ಮನೆ 1,200 ಚದರ ಅಡಿ ಸೈಟಿನದ್ದಾದರೂ ಮಳೆಕೊಯ್ಲು ಕಡ್ಡಾಯ. ಸಂಪು ತೋಡುವಾಗಲೇ ಅದಕ್ಕೆ ಪೈಪು ಬಿಟ್ಟರೆ ಆಮೇಲೆ ಅಂಗಳ ಅಗೆಯಬೇಕಿಲ್ಲ.

ಕೆಂಗೇರಿ ಆಚೆ ಚಿಕ್ಕಮ್ಮನ ಮಗ ಈಗ ಥರ್ಟಿ-ಫಾರ್ಟಿಯಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಪೂರ್ವಕ್ಕೆ ರಸ್ತೆ. ಅಮ್ಮನ ವಾಕರ್ ಕಥೆ ಅವನಿಗೆ ಗೊತ್ತಿತ್ತು. ಗುದ್ದಲಿ ಪೂಜೆ ಮುಗಿದ ಮೇಲೆ, ಪಾಯ ತೋಡುವ ಮೊದಲು, ಮೇಸ್ತ್ರಿ ಕೈಯಲ್ಲಿ ಪೂರ್ತಿ ನಕ್ಷೆಯನ್ನು ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ನಿಜವಾದ ಅಳತೆಗೇ ಬರೆಸಿದ. ಬಾಗಿಲು ಎಲ್ಲಿ, ಕಟ್ಟೆ ಎಲ್ಲಿ, ಮಂಚ ಎಲ್ಲಿ, ಎಲ್ಲ. ಪೇಪರಿನ ಮೇಲೆ ದೊಡ್ಡದಾಗಿ ಕಾಣುತ್ತಿದ್ದ ಹಾಲು ನೆಲದ ಮೇಲೆ ಏಳು ಹೆಜ್ಜೆಗೆ ಮುಗಿಯಿತು. ಚಿಕ್ಕಮ್ಮ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಹೋಗಿ ಹಿಂದುಗಡೆಯ ವಾಯವ್ಯದ ಅಡುಗೆಮನೆಯಲ್ಲಿ ಕೂತರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿಂದ ಗೇಟೇ ಕಾಣಲ್ವಲ್ಲೋ. ತರಕಾರಿಯವನು, ಕೊರಿಯರಿನವನು, ಯಾರು ಬಂದ್ರೂ ನಾನು ಅಷ್ಟು ದೂರ ನಡ್ಕೊಂಡು ಬರ್ಬೇಕಾ?" ಅಂದರು.

ಮುಂದಿನ ಬಲಮೂಲೆಯಲ್ಲಿ ಒಂದು ಬೆಡ್‌ರೂಂ ಇತ್ತು. ಕುರ್ಚಿ ಅಲ್ಲಿಗೆ ಹೋಯಿತು. ಅಲ್ಲಿಂದ ಗೇಟು, ರಸ್ತೆ, ಎದುರಿನ ಹೊಂಗೆ ಮರ ಎಲ್ಲ ಕಾಣುತ್ತಿತ್ತು. "ಇದು ಆಗ್ನೇಯಾನೂ ಹೌದು ಬಿಡು" ಅಂತ ಚಿಕ್ಕಪ್ಪ ಸೇರಿಸಿದರು. ಎಂಜಿನಿಯರ್ ಫೋನಿನಲ್ಲಿ ಡ್ರೈನೇಜ್ ಲೈನ್ ಉದ್ದ ಆಗುತ್ತದೆ, ಖರ್ಚು ಬರುತ್ತದೆ ಅಂದ. ಮೇಸ್ತ್ರಿ ಗೊಣಗುತ್ತಲೇ ಹಳೇ ಗೆರೆಯನ್ನು ಕಾಲಿನಿಂದ ಅಳಿಸಿ ಬಕೆಟ್ಟಿನಿಂದ ಇನ್ನೊಂದು ಹಿಡಿ ಸುಣ್ಣ ತಗೊಂಡ.